ಅಕ್ಕಾರು ಬೋರ್ಡಿನ ಕಡೆ ತಿರುಗಿದಾಗ

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ವಡಗಾವಿಯ ಒಂದು ಕನ್ನಡ ಸಾಲೆಯಲ್ಲಿ ನಾಲ್ಕನೆಯ ತರಗತಿಯ ಶಿಕ್ಷಕಿ, ಮಕ್ಕಳ ಬಾಯಲ್ಲಿ ‘ಅಕ್ಕಾರು’. ಇರಲು ಹಿಂದವಾಡಿಯಲ್ಲಿ ಒಂದು ಬಾಡಿಗೆ ಕೋಣೆ. ಶನಿವಾರ ಮಧ್ಯಾಹ್ನ ಸಾಲೆ ಬಿಟ್ಟರೆ ರೈಲು ಹತ್ತಿ ಖಾನಾಪುರದ ನಮ್ಮ ಮನೆ. ವಯಸ್ಸು ಇಪ್ಪತ್ತಾರು, ಕೋಪ ಮೂಗಿನ ತುದಿಯಲ್ಲೇ. ನನ್ನ ಮೇಜಿನ ಮೇಲಿದ್ದ ಫುಟ್‌ಪಟ್ಟಿ ಗೆರೆ ಎಳೆದದ್ದು ಕಡಿಮೆ, ಅಂಗೈ ಕೆಂಪಾಗಿಸಿದ್ದೇ ಹೆಚ್ಚು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ.

ವಾರಕ್ಕೊಮ್ಮೆ ಕಾರ್ಯಾನುಭವದ ಪಿರಿಯಡ್ ಇರುತ್ತಿತ್ತು. ಉಳಿದ ತರಗತಿಗಳಲ್ಲಿ ಮಕ್ಕಳು ಬಣ್ಣದ ಕಾಗದದ ಹೂ ಮಾಡುತ್ತಿದ್ದರು. ನನಗೆ ಆ ಹೂ ಕಂಡರೆ ಆಗುತ್ತಿರಲಿಲ್ಲ. ನನ್ನ ಅಪ್ಪ ಖಾನಾಪುರದ ಒಂದು ಹಂಚಿನ ಕಾರ್ಖಾನೆಯಲ್ಲಿ ಮಿಸ್ತ್ರಿ. ಯಂತ್ರ ನಿಂತರೆ ಕೆಲಸದವರು ಓಡಿ ಬಂದು, ‘ಹೊಸಾ ಬೆಲ್ಟ್ ಬೇಕ್ರಿ ಮಿಸ್ತ್ರಿ’ ಎನ್ನುತ್ತಿದ್ದರು. ಅಪ್ಪ ಕೂತಲ್ಲಿಂದ ಏಳದೆ, ‘ಮದ್ದು ಆಮ್ಯಾಲ ಹೇಳು. ಮೊದಲ ಬ್ಯಾನಿ ಹೇಳು’ ಎನ್ನುತ್ತಿದ್ದ. ಏನು ಕೆಟ್ಟಿದೆ ಎಂದು ಸರಿಯಾಗಿ ಹೇಳಲು ಬಾರದವನ ಕೈಗೆ ಅವನು ಬೋಲ್ಟು ತಿರುಗಿಸುವ ಪಾನಾ ಕೊಡುತ್ತಿರಲಿಲ್ಲ. ಅದನ್ನೇ ನಾನು ಮಕ್ಕಳಿಗೆ ಕಲಿಸಲು ಹೊರಟೆ.

ಬೋರ್ಡಿನ ಮೇಲೆ ಮೂರು ಪ್ರಶ್ನೆ ಬರೆಯುತ್ತಿದ್ದೆ. ತೊಂದರೆ ಯಾರದು? ಯಾವಾಗ ಆಗುತ್ತದೆ? ಯಾವುದನ್ನು ಬದಲಿಸಲು ಬರುವುದಿಲ್ಲ? ಉಪಾಯವನ್ನು ಮಾತ್ರ ಹೇಳಕೂಡದು. ಮಕ್ಕಳಿಗೆ ಇದು ಬಲು ಕಷ್ಟವಾಯಿತು. ನೇಕಾರರ ಮನೆಯ ಒಬ್ಬ ಹುಡುಗ ಎದ್ದು, ‘ಅಕ್ಕಾರ, ನಮ್ಮ ಮನಿಗೆ ಫ್ಯಾನ್ ಬೇಕ್ರಿ’ ಎಂದ.

‘ಅದು ಮದ್ದು. ಬ್ಯಾನಿ ಏನು?’

‘ಸೆಕಿ ಆಗತೈತ್ರಿ.’

‘ಯಾರಿಗೆ?’

‘ನಮ್ಮ ಅಜ್ಜಗ. ಮಗ್ಗ ನಡಸೂವಾಗ.’

‘ಕಿಡಕಿ ತಗೀಬೇಕಿಲ್ಲೋ?’

‘ತಗ್ಯಾಕ ಬರೂದಿಲ್ರಿ. ಗಾಳಿ ಆಡಿದ್ರ ಎಳಿ ಹರೀತಾವ.’

‘ಮತ್ತ ಫ್ಯಾನ್ ಹಚ್ಚಿದ್ರ ಎಳಿ ಹರಿಯೂದಿಲ್ಲೇನು?’

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಹುಡುಗನೂ ತಲೆ ಕೆರೆದುಕೊಂಡು ನಕ್ಕ. ಅಂದು ನನಗೆ ಬಹಳ ಹೆಮ್ಮೆಯಾಗಿತ್ತು.

ನಗದೆ ಕೂತವಳು ಒಬ್ಬಳೇ. ನಾಲ್ಕನೆಯ ತರಗತಿಯಲ್ಲೇ ಎರಡನೆಯ ವರ್ಷ ಕೂತಿದ್ದ ಹುಡುಗಿ. ಬೋರ್ಡು ನೋಡಿ ಬರೆದರೆ ಅಕ್ಷರ ಮುತ್ತಿನಂತೆ. ಉಕ್ತಲೇಖನ ಕೊಟ್ಟರೆ ಪಾಟಿ ಖಾಲಿ. ಕರೆದರೆ ಒಮ್ಮೆ ಓಗೊಡುವಳು, ಒಮ್ಮೆ ಇಲ್ಲ. ಹಟಮಾರಿ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ‘ಕೋಣನ ಮುಂದೆ ಕಿನ್ನರಿ ಬಾರಿಸಿದಂಗಾತು’ ಎಂದು ಎಲ್ಲರೆದುರು ಹಂಗಿಸಿದ್ದೂ ಉಂಟು, ಪಟ್ಟಿಯ ಏಟು ಕೊಟ್ಟದ್ದಂತೂ ಲೆಕ್ಕವಿಲ್ಲ. ಕೊನೆಗೆ ಅವಳ ತಾಯಿಯನ್ನು ಕರೆಸಿ, ‘ಈಕಿಗೆ ಸಾಲಿ ಒಗ್ಗೂದಿಲ್ಲವಾ. ಸುಮ್ಮನ ಮನ್ಯಾಗ ಕೆಲಸಕ್ಕ ಹಚ್ಚಿ ಬಿಡು’ ಎಂದಿದ್ದೆ. ತಾಯಿ ತಲೆಯಾಡಿಸಿ, ಈ ಶನಿವಾರಕ್ಕೆ ಬಿಡಿಸುತ್ತೇನೆ ಎಂದು ಹೇಳಿ ಹೋಗಿದ್ದಳು.

ಆ ಶನಿವಾರ ಬಂತು. ಕಾರ್ಯಾನುಭವದ ಪಿರಿಯಡ್ ಅಂದೇ ಇತ್ತು. ಸಾಲೆಯಲ್ಲಿನ ಒಂದು ತೊಂದರೆ ಬರೆಯಿರಿ ಎಂದು ಬೋರ್ಡಿನ ಮೇಲೆ ಬರೆದು, ಸ್ವಲ್ಪ ಹೊತ್ತಿನ ನಂತರ ಪಾಟಿ ನೋಡುತ್ತ ಬಂದೆ. ಹೊಸ ಬಾವಿ ಬೇಕು, ದೊಡ್ಡ ಗಂಟೆ ಬೇಕು, ಮೆತ್ತನೆಯ ಮಣೆ ಬೇಕು. ಎಲ್ಲ ಮದ್ದೇ. ಆ ಹುಡುಗಿಯ ಪಾಟಿಯಲ್ಲಿ ಹೀಗಿತ್ತು:

ತೊಂದರೆ ಎಲ್ಲರದು. ಅಕ್ಕಾರು ಬೋರ್ಡಿನ ಕಡೆ ತಿರುಗಿದಾಗ ಮಾತು ನಿಲ್ಲುತ್ತದೆ. ಬೋರ್ಡು ಗೋಡೆಯಲ್ಲಿದೆ, ಸರಿಸಲು ಬರುವುದಿಲ್ಲ. ಅಕ್ಕಾರು ಬರೆಯುವುದನ್ನು ಬಿಡಲು ಬರುವುದಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಹೋಗುವ ದಿನ ನನ್ನನ್ನೇ ಗೇಲಿ ಮಾಡುತ್ತಿದ್ದಾಳೆ ಎಂದುಕೊಂಡೆ. ‘ನಾ ತಿರುಗಿದ ಕೂಡ್ಲೆ ಮೂಕಿ ಆಗತೇನೇನ?’ ಎಂದು ಪಟ್ಟಿ ಎತ್ತಿದೆ. ಅವಳು ಎಂದಿನಂತೆ ಅಂಗೈ ಚಾಚಿದಳು. ಹೊಡೆಯುವ ಮುಂಚೆ ಇನ್ನೊಮ್ಮೆ ಪಾಟಿ ನೋಡಿದೆ. ಇಡೀ ತರಗತಿಯಲ್ಲಿ ಮದ್ದು ಹೇಳದೆ ಬೇನೆ ಮಾತ್ರ ಹೇಳಿದ ಪಾಟಿ ಅದೊಂದೇ. ಅಪ್ಪನಾಗಿದ್ದರೆ ಅವಳ ಕೈಗೆ ಆಗಲೇ ಪಾನಾ ಕೊಡುತ್ತಿದ್ದ.

ಏನೋ ಅನುಮಾನ ಬಂತು. ಬೋರ್ಡಿನ ಹತ್ತಿರ ಹೋಗಿ, ಮಕ್ಕಳಿಗೆ ಬೆನ್ನು ಮಾಡಿ ನಿಂತು ಎಂದೆ: ‘ಎಲ್ಲಾರೂ ಕಣ್ಣು ಮುಚ್ಚಿ ಪಾಟಿ ಬೋರಲ ಹಾಕ್ರಿ.’ ಪಾಟಿಗಳು ನೆಲಕ್ಕೆ ಬಡಿದ ಸಪ್ಪಳ ಕೇಳಿಸಿತು. ತಿರುಗಿದೆ. ಎಲ್ಲರ ಕಣ್ಣೂ ಮುಚ್ಚಿದ್ದವು. ಅವಳೊಬ್ಬಳು ಪಾಟಿಯನ್ನು ಎದೆಗೆ ಹಿಡಿದು, ನಾನು ಯಾವಾಗ ಮಾತಾಡುತ್ತೇನೋ ಎಂದು ನನ್ನ ಮುಖವನ್ನೇ ನೋಡುತ್ತಿದ್ದಳು.

ಕೈಯಲ್ಲಿದ್ದ ಪಟ್ಟಿಯನ್ನು ಮೇಜಿನ ಮೇಲಿಟ್ಟೆ. ಉಕ್ತಲೇಖನ ಕೊಡುವಾಗ ನಾನು ಸಾಲುಗಳ ಹಿಂದೆ ಅಡ್ಡಾಡುತ್ತಿದ್ದೆ. ಲೆಕ್ಕ ಬಿಡಿಸುತ್ತ ಬೋರ್ಡಿನ ಜೊತೆಗೇ ಮಾತಾಡುತ್ತಿದ್ದೆ. ಎರಡು ವರ್ಷ. ಕಿವಿ ಕೇಳದ ಮಗುವನ್ನು, ಮಾತು ಕೇಳಲಿಲ್ಲವೆಂದು ಎರಡು ವರ್ಷ ಹೊಡೆದಿದ್ದೆ.

ಅಂದು ಖಾನಾಪುರದ ರೈಲು ಹತ್ತಲಿಲ್ಲ. ಸಾಲೆ ಮುಗಿದ ಮೇಲೆ ಹುಡುಗಿಯ ಜೊತೆ ಅವಳ ಮನೆಗೆ ನಡೆದೆ. ಸಣ್ಣ ಓಣಿ, ಒಳಗೆ ಅಂಗೈಯಗಲದ ಮನೆ, ಅದರಲ್ಲಿ ಎರಡು ವಿದ್ಯುತ್ ಮಗ್ಗ. ಆ ಸದ್ದಿಗೆ ತಲೆಯೇ ಸಿಡಿಯುವಂತಿತ್ತು. ತಾಯಿ ಮಗ್ಗದ ಆಚೆಯಿಂದ ನನ್ನನ್ನು ನೋಡಿ ತುಟಿ ಅಲ್ಲಾಡಿಸಿದಳು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಹುಡುಗಿ ನನ್ನ ಕಿವಿಗೆ ಬಾಯಿ ಹಚ್ಚಿ ಕೂಗಿದಳು: ‘ಕುಂದರ್ರಿ ಅನ್ನಾಕತ್ತಾಳ್ರಿ ನಮ್ಮವ್ವ. ಚಾ ಮಾಡತಾಳಂತ.’

ಆಗ ನನಗೆ ಅರ್ಥವಾಯಿತು. ಈ ಮನೆಯಲ್ಲಿ ಯಾರೂ ಕಿವಿಯಿಂದ ಕೇಳುವುದೇ ಇಲ್ಲ. ಮಗ್ಗ ನಡೆಯುವಾಗ ತುಟಿ ನೋಡಿ ಮಾತು ತಿಳಿಯಬೇಕು, ಕರೆಯಬೇಕಾದರೆ ಭುಜ ಮುಟ್ಟಬೇಕು. ಇಂಥ ಮನೆಯಲ್ಲಿ ಒಂದು ಮಗುವಿಗೆ ಕಿವಿ ಮಂದವಾದರೆ ಯಾರಿಗೆ ಗೊತ್ತಾಗಬೇಕು?

ಮಗ್ಗ ನಿಲ್ಲಿಸಿ ಎಂದು ಕೈಸನ್ನೆ ಮಾಡಿದೆ. ಸದ್ದು ನಿಂತಿತು. ವಿಷಯ ಹೇಳಿದೆ. ತಾಯಿಗೆ ಸಿಟ್ಟೇ ಬಂತು.

‘ಏನ್ ಮಾತಾಡತೀರಿ ಅಕ್ಕಾರ? ನಾ ಇನ್ನೂ ಬಾಯಿ ತಗಿಯೂದ್ರಾಗ ಆಕಿ ತಿಳಕೋತಾಳ. ನಮ್ಮ ಮನ್ಯಾಗ ಆಕಿಯಷ್ಟು ಶಾಣ್ಯಾ ಯಾರೂ ಇಲ್ಲ.’

‘ಹಿಂದ ನಿಂತು ಕರದ್ ನೋಡವಾ.’

ಹುಡುಗಿ ಮೂಲೆಯಲ್ಲಿ ಬಗ್ಗಿ ನೂಲು ಸುತ್ತಿದ ಕಂಡಿಕೆ ಜೋಡಿಸುತ್ತಿದ್ದಳು. ತಾಯಿ ಹಿಂದೆ ನಿಂತು ಹೆಸರು ಹಿಡಿದು ಕರೆದಳು. ಇನ್ನಷ್ಟು ಜೋರಾಗಿ ಕರೆದಳು. ಮೂರನೆಯ ಸಲ ಅವಳ ದನಿ ಒಡೆಯಿತು. ಮಗಳು ಕಂಡಿಕೆ ಜೋಡಿಸುತ್ತಲೇ ಇದ್ದಳು. ತಾಯಿ ಸೆರಗನ್ನು ಬಾಯಿಗೊತ್ತಿಕೊಂಡು ಮಗ್ಗದ ಪಕ್ಕದ ಕಟ್ಟೆಯ ಮೇಲೆ ಕುಸಿದಳು.

‘ಸೋಮವಾರ ಕಳಸವಾ. ನಾ ಅಂದದ್ದು ತಪ್ಪಾತು’ ಎಂದೆ.

ತಾಯಿ ತಲೆಯೆತ್ತಿದಳು. ‘ಹಂಗಾರ ನಮ್ಮ ಮನ್ಯಾಗ ಆಕಿಗೆ ಏನೂ ತೊಂದ್ರಿ ಇಲ್ಲಲ್ರಿ ಅಕ್ಕಾರ. ತೊಂದ್ರಿ ಇದ್ದದ್ದು ನಿಮ್ಮ ಸಾಲ್ಯಾಗ ಅಷ್ಟ. ಮತ್ತ ನಾ ಯಾಕ ಕಳಸ್ಲಿ?’

ಕೆನ್ನೆಗೆ ಹೊಡೆದಂತಾಯಿತು. ಮೂರು ಪ್ರಶ್ನೆ ಬರೆದು ಕಲಿಸುತ್ತಿದ್ದ ನಾನು ಇಷ್ಟು ನೇರವಾಗಿ ಬೇನೆ ಹೇಳಿರಲಿಲ್ಲ. ‘ಹೊಡಿಯೂದಿಲ್ಲ. ಬರಿಯೂದೆಲ್ಲಾ ಗಂಟಿಗಿಂತ ಮೊದಲ ಬರದ ಇಡತೇನಿ. ಮಾರಿ ತೋರಿಸಿ ಮಾತಾಡತೇನಿ’ ಎಂದೆ.

‘ಆಕಿನ್ನ ಕೇಳ್ರಿ. ಹೊಡಸಿಕೊಂಡಾಕಿ ಆಕಿ.’

ಹುಡುಗಿಯ ಎದುರು ನೆಲದ ಮೇಲೆ ಕೂತೆ. ಮುಖಕ್ಕೆ ಮುಖ ಕೊಟ್ಟು ಕೇಳಿದೆ: ‘ಕೇಳೂದಿಲ್ಲ ಅಂತ ಯಾಕ ಹೇಳಲಿಲ್ಲ ಯವ್ವಾ?’

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ‘ಎಲ್ಲಾರ್ಗೂ ಹಂಗ ಆಗತೈತಿ ಅಂತ ತಿಳದಿದ್ನಿರಿ. ನೀವು ತಿರುಗಿದ್ರ ಮಾತು ನಿಂದರ್ತೈತಿ, ಉಳದವ್ರು ಶಾಣ್ಯಾರು, ಹಂಗ ತಿಳಕೋತಾರ. ನನಗಷ್ಟ ತಿಳಿಯೂದಿಲ್ಲ ಅಂತ.’

‘ಇಲ್ಲವಾ. ಅವರಿಗೆ ನಾ ತಿರುಗಿದ್ರೂ ಕೇಳತೈತಿ.’

ಅವಳು ತಾಯಿಯ ಕಡೆ ನೋಡಿದಳು. ತಾಯಿ ಹೌದೆಂದು ತಲೆಯಾಡಿಸಿದಳು. ಹುಡುಗಿ ಕೈಯಲ್ಲಿದ್ದ ಕಂಡಿಕೆಯನ್ನು ಕೆಳಗಿಟ್ಟಳು.

‘ಹಂಗಾರ ನಾ ದಡ್ಡಿ ಅಲ್ಲೇನ್ರಿ ಅಕ್ಕಾರ?’

‘ಅಲ್ಲ’ ಎಂದೆ. ಸ್ವರವೇ ಹೊರಡಲಿಲ್ಲ, ತುಟಿ ಮಾತ್ರ ಅಲ್ಲಾಡಿತು. ನನ್ನ ಬೆನ್ನ ಹಿಂದಿದ್ದ ತಾಯಿ, ‘ಏನಂದ್ರಿ?’ ಎಂದು ಕೇಳಿದಳು.

ಹುಡುಗಿಗೆ ತಿಳಿದಿತ್ತು. ಸೋಮವಾರ ಬರುತ್ತೇನೆ ಎಂದಳು.