ಪುಡಿ ಉದುರದ ಸೂರ್ಯಕಾಂತಿ

ನನ್ನದು ಸುಮ್ಮನಿರುವ ಬಾಯಲ್ಲ. ಕೆಂಗೇರಿ ಕಡೆಯ ಬೀಜದ ಕಂಪನಿಯೊಂದರ ಲ್ಯಾಬಿನಲ್ಲಿ ದಿನವಿಡೀ ಮೈಕ್ರೋಸ್ಕೋಪಿನ ಮುಂದೆ ಮಾತಿಲ್ಲದೆ ಕೂತಿದ್ದಕ್ಕೋ ಏನೋ, ಚಂದ್ರಾ ಲೇಔಟಿನ ಮನೆಗೆ ಬಂದರೆ ಅದನ್ನು ಹಿಡಿಯುವವರಿರಲಿಲ್ಲ. ಅದರ ಫಲ ಇವತ್ತಿಗೂ ಉಣ್ಣುತ್ತಿದ್ದೇನೆ.

ನಮ್ಮ ಕೆಲಸ ಸೂರ್ಯಕಾಂತಿಯದು. ಹೈಬ್ರಿಡ್ ಬೀಜಕ್ಕೆಂದು ಬೆಳೆಸುವ ಹೆಣ್ಣು ಸಾಲಿನ ಗಿಡಗಳಲ್ಲಿ ಪರಾಗ ಇರಲೇಬಾರದು; ಪಕ್ಕದ ಗಂಡು ಸಾಲಿನ ಪರಾಗದಿಂದಷ್ಟೇ ಕಾಳು ಕಟ್ಟಬೇಕು. ಬೆಳಿಗ್ಗೆ ಜೇನು ಬರುವ ಮೊದಲೇ ಆ ಸಾಲಿನಲ್ಲಿ ನಡೆದು, ಒಂದೊಂದೇ ಹೂವನ್ನು ಬೆರಳಿನಿಂದ ಸವರುತ್ತಿದ್ದೆವು. ಹಳದಿ ಪುಡಿ ಅಂಟಿತೋ, ಆ ಗಿಡವನ್ನು ಬುಡಸಮೇತ ಕಿತ್ತೆಸೆಯಬೇಕು. ಅಂಟದ ಹೂಗಳಲ್ಲಿ ಕೆಲವು ಲ್ಯಾಬಿಗೆ ಬರುತ್ತಿದ್ದವು. ಗಾಜಿನ ಮೇಲೆ ಬಣ್ಣ ಹಾಕಿದಾಗ ಜೀವವಿರುವ ಪರಾಗ ಕೆಂಪಾಗುತ್ತದೆ. ಇವು ಆಗುತ್ತಿರಲಿಲ್ಲ, ಬರೀ ಜೊಳ್ಳು.

ಒಂದು ಶುಕ್ರವಾರ ಅಂಥ ಎರಡು ಹೂವು ಮನೆಗೆ ತಂದೆ. ನಮ್ಮತ್ತೆ ದೇವರ ಮುಂದಿಟ್ಟರು. ಮಾರನೆಯ ದಿನ ದೇವರ ಕಟ್ಟೆ ಒರೆಸುತ್ತಾ, "ಇದೇನೇ, ಒಂಚೂರೂ ಪುಡಿ ಉದುರಿಲ್ಲ?" ಎಂದರು. ಅಷ್ಟರಲ್ಲಿ ಪಕ್ಕದ ಮನೆಯ ಆಂಟಿ ಬಂದರು. ಅವರ ಮುಂದೆ ಅತ್ತೆ ನನ್ನ ಕಡೆ ನೋಡಿ, "ನಮ್ಮನೇಲೂ ಒಂದು ಹೂವಿದೆ ಬಿಡಿ, ಇಷ್ಟು ವರ್ಷದಿಂದ ಸುಮ್ನೆ ಅರಳ್ಕೊಂಡು ನಿಂತಿದೆ" ಅಂದರು.

ನಮಗೆ ಮಕ್ಕಳಾಗದ್ದಕ್ಕೆ ಆ ಮಾತು. ನನಗೆ ಮೈಯೆಲ್ಲ ಉರಿದುಹೋಯಿತು. ಆಂಟಿ ಹೋಗುವವರೆಗೂ ಹಲ್ಲು ಕಚ್ಚಿಕೊಂಡಿದ್ದೆ.

"ಅತ್ತೆ, ಆ ಗಿಡಕ್ಕೆ ಏನೂ ಆಗಿಲ್ಲ. ಎಲೆ, ಕಾಂಡ ಎಲ್ಲಾ ಚೆನ್ನಾಗಿದೆ. ಜೀವಕೋಶದ ಒಳಗೆ ಮೈಟೋಕಾಂಡ್ರಿಯಾ ಅಂತ ಇರುತ್ತೆ, ಶಕ್ತಿ ಕೊಡೋದು ಅದೇ. ಅದ್ರಲ್ಲಿ ದೋಷ ಇದ್ರೆ, ಪರಾಗಕ್ಕೆ ಊಟ ಹಾಕೋ ಕೋಶಗಳು ಮೊದ್ಲೇ ಸತ್ತೋಗ್ತವೆ. ಪರಾಗ ಉಪವಾಸ ಬಿದ್ದು ಜೊಳ್ಳಾಗುತ್ತೆ. ಆ ದೋಷ ಯಾರಿಂದ ಬರುತ್ತೆ ಗೊತ್ತಾ? ತಾಯಿಂದ. ನಿಮ್ಮ ಮಗನ ವೀರ್ಯದಲ್ಲೂ ವೀರ್ಯಾಣು ಒಂದೂ ಇಲ್ಲ ಅಂತ ಡಾಕ್ಟ್ರು ಬರೆದುಕೊಟ್ಟಿದಾರೆ. ಈಗ ಹೇಳಿ, ಯಾರದು ತಪ್ಪು?"

ಅತ್ತೆ ಕೈಯಲ್ಲಿದ್ದ ಬಟ್ಟೆ ಹಿಡಿದುಕೊಂಡೇ ಕೂತುಬಿಟ್ಟರು.

ಆ ರಿಪೋರ್ಟಿನ ವಿಷಯ ಅಮ್ಮನಿಗೆ ಹೇಳಬೇಡ ಎಂದು ನನ್ನ ಗಂಡ ಆಣೆ ಹಾಕಿಸಿಕೊಂಡಿದ್ದರು. ಅದನ್ನು ಮುರಿದೆ. ಅದಕ್ಕಿಂತ ಕೆಟ್ಟದ್ದು, ಹೂವಿನ ನಿಯಮವನ್ನು ಮನುಷ್ಯರ ತಲೆಗೆ ಕಟ್ಟಿದ್ದೆ. ನನ್ನ ಗಂಡನಿಗೆ ಹೀಗಾಗಲು ಕಾರಣ ತಿಳಿಯುತ್ತಿಲ್ಲ ಎಂದಷ್ಟೇ ಡಾಕ್ಟರು ಹೇಳಿದ್ದು. ತಾಯಿಯ ಮಾತೇ ಬಂದಿರಲಿಲ್ಲ. ಗಿಡಗಳಲ್ಲೂ ಎಲ್ಲಾ ತಾಯಿಯದೇ ಅಲ್ಲ, ಕೆಲವು ತಂದೆ ಗಿಡಗಳಿಂದ ಬರುವ ಒಂದು ಗುಣ ಆ ದೋಷವನ್ನು ಸರಿಪಡಿಸಿಬಿಡುತ್ತದೆ. ಅದನ್ನೂ ನುಂಗಿಕೊಂಡೆ.

ಆಮೇಲೆ ಅತ್ತೆ ನನ್ನನ್ನು ಒಂದು ದಿನವೂ ಚುಚ್ಚಲಿಲ್ಲ. ಚುಚ್ಚಿದ್ದರೆ ಚೆನ್ನಾಗಿತ್ತು. ಮಗನ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಹಾಕುತ್ತಿದ್ದರು. ಅವರೇಕಾಯಿ ಸುಲಿಯುತ್ತಾ ಮೆಲ್ಲಗೆ ಕೇಳುತ್ತಿದ್ದರು: "ಇವನು ಹೊಟ್ಟೇಲಿದ್ದಾಗ ಜ್ವರ ಬಂದು ಮಾತ್ರೆ ನುಂಗಿದ್ದೆ ಕಣೇ. ಅದಕ್ಕೇ ಇರಬಹುದಾ?"

"ಅಯ್ಯೋ, ಅದಕ್ಕೆಲ್ಲ ಅಲ್ಲ ಬಿಡಿ ಅತ್ತೆ" ಎನ್ನುತ್ತಿದ್ದೆ. ಅಂದು ಹೇಳಿದ್ದೇ ಸುಳ್ಳು ಎನ್ನಲು ಬಾಯಿ ಬರುತ್ತಿರಲಿಲ್ಲ. ನಾಳೆ ಹೇಳೋಣ, ಹಬ್ಬ ಕಳೆಯಲಿ ಎಂದುಕೊಂಡೇ ವರ್ಷಗಳು ಹೋದವು. ಲ್ಯಾಬಿನಲ್ಲಿ ಬಣ್ಣವೇರದ ಆ ಜೊಳ್ಳುಗಳ ಮೇಲೆ ಕಣ್ಣಿಟ್ಟರೆ ಕಿವಿಯ ಹತ್ತಿರವೇ ಅವರ ದನಿ: ಅದಕ್ಕೇ ಇರಬಹುದಾ? ಹಿಂದೆ ತಿರುಗಿ ನೋಡಿದ್ದೂ ಉಂಟು. ಅವರು ಹೋದ ಮೇಲೂ ಅದು ನಿಂತಿಲ್ಲ. ನನಗೆ ಭಯವಾಗುತ್ತದೆ.

ಹೋದ ವರ್ಷ ವಿಜಯನಗರದ ಆಸ್ಪತ್ರೆಯಲ್ಲಿ, ಒಂದು ಮಧ್ಯಾಹ್ನ, ಅತ್ತೆ ಮಗನ ಕೈ ಹಿಡಿದುಕೊಂಡು, "ನನ್ನಿಂದ ಆಯ್ತಪ್ಪಾ ನಿಂಗೆ. ಕ್ಷಮಿಸ್ಬಿಡು" ಎಂದರು.

"ಏನಮ್ಮ, ಏನಾಯ್ತು ನಿನ್ನಿಂದ?"

ಅತ್ತೆ ನನ್ನನ್ನು ನೋಡಿದರು. ನಾನು ಅಂದು ಹೇಳಿದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಸುಳ್ಳೆಂದು ಒಪ್ಪಿಕೊಳ್ಳಲು ನನಗೂ ಅದೇ ಕೊನೆಯ ಗಳಿಗೆ. ಫ್ಲಾಸ್ಕಿಗೆ ಬಿಸಿನೀರು ತರುತ್ತೇನೆಂದು ಎದ್ದು ಹೊರಗೆ ಹೋದೆ. ಅತ್ತೆ ಮಾರನೆಯ ದಿನ ತೀರಿಕೊಂಡರು.

ವೈಕುಂಠ ಸಮಾರಾಧನೆಗೆ ಬಂದವರೆಲ್ಲ ಹೊರಟ ಮೇಲೆ ನನ್ನ ಗಂಡ ಕೇಳಿದರು: "ಅಮ್ಮ ಯಾಕೆ ಕ್ಷಮೆ ಕೇಳಿದ್ಲು? ನಿಂಗೇನಾದ್ರೂ ಗೊತ್ತಾ?"

"ನಂಗೇನ್ ಗೊತ್ತು ರೀ" ಎಂದು ಊಟದ ಎಲೆಗಳನ್ನು ಎತ್ತತೊಡಗಿದೆ.