ಸೂಜಿಯ ಮೇಲೆ ಹೊರಿಸಿದ ಸಾವು

ರೇಣುಕಾ, ನಿನ್ನ ಅವ್ವನನ್ನು ಆ ಸೂಜಿ ಕೊಲ್ಲಲಿಲ್ಲ. ಅವಳಿಗೆ ಕ್ಷಯ ಅಂಟಿಸಿದವನು ನಾನು — ನಿನ್ನ ಸೋದರಮಾವ. ಅಂಟಿಸಿದ್ದು ತಿಳಿಯದೆ. ಮುಚ್ಚಿಟ್ಟದ್ದು ತಿಳಿದೇ.

ನೀನಾಗ ಹಾಸ್ಟೆಲ್ಲಿನಲ್ಲಿದ್ದೆ. ನಿನ್ನಪ್ಪ ತೀರಿದ ಮೇಲೆ ಅವ್ವ ಕೊಟ್ಟೂರಿನ ನಮ್ಮ ಮನೆಯಲ್ಲೇ ಇದ್ದಳು. ಕೀಲುಬೇನೆಗೆ ದಾವಣಗೆರೆಯ ಡಾಕ್ಟರು ಸೂಜಿ ಶುರು ಮಾಡಿದರು ನೋಡು, ಮುದುಡಿದ್ದ ಬೆರಳು ಬಿಚ್ಚಿ ಮತ್ತೆ ರೊಟ್ಟಿ ಬಡಿದಳು. ಆ ಸಪ್ಪಳಕ್ಕೆ ಅಂಗಳದಲ್ಲಿದ್ದ ನಾನು ಒಳಗೆ ಓಡಿ ಬಂದಿದ್ದೆ. ಸೂಜಿಗೆ ಮೊದಲೇ ಕ್ಷಯದ ಪರೀಕ್ಷೆ ಮಾಡಿಸಿದ್ದರು, ಎಲ್ಲ ಚೊಕ್ಕಟವಿತ್ತು. ಆದರೂ ಎಚ್ಚರಿಸಿದ್ದರು — ಈ ಔಷಧಿ ರೋಗ ತಡೆಯುವ ಶಕ್ತಿಯನ್ನು ತಗ್ಗಿಸುತ್ತದೆ, ಜ್ವರ ಬಂದರೆ, ಮನೆಯಲ್ಲಿ ಯಾರಿಗಾದರೂ ಕ್ಷಯ ಬಂದರೆ ಕೂಡಲೇ ಹೇಳಿ ಎಂದು. ಊರಿಗೆಲ್ಲ ಬುದ್ಧಿ ಹೇಳುವ ನಾನು ತಲೆಯಾಡಿಸಿದ್ದೆ.

ಮುಂದಿನ ಚಳಿಗಾಲಕ್ಕೆ ಕೆಮ್ಮು ಹಿಡಿದದ್ದು ನನಗೆ. ಕುರಿಸಂತೆಯ ದೂಳಿರಬೇಕೆಂದು ವಾರಗಟ್ಟಲೆ ಕೆಮ್ಮಿದೆ, ಅವಳ ಪಕ್ಕದಲ್ಲೇ ಕೂತು ಉಣ್ಣುತ್ತ. ಕಫ ನೋಡಿ ಕ್ಷಯ ಎಂದರು. ಸಂತೆಯಲ್ಲಿ ನಾವು ದಲ್ಲಾಳಿಗಳು ಟವೆಲ್ ಮುಚ್ಚಿ, ಒಳಗೆ ಬೆರಳು ಹಿಡಿದು ಕುರಿಯ ದರ ಮುಗಿಸುವವರು. ಕ್ಷಯದವನ ಕೈ ಯಾರು ಹಿಡಿದಾರು? ಯಾರಿಗೂ ತಿಳಿಯದ ಹಾಗೆ ಹರಪನಹಳ್ಳಿಯ ಆಸ್ಪತ್ರೆಯಿಂದ ಗುಳಿಗೆ ತಂದು ನುಂಗಿದೆ. ಅವಳಿಗೂ ದೂಳಿನ ಕೆಮ್ಮೆಂದೇ ಹೇಳಿದೆ. ಮನೆಯವರನ್ನೂ ಪರೀಕ್ಷಿಸಬೇಕೆಂದು ಅಲ್ಲಿನ ಆರೋಗ್ಯ ಕಾರ್ಯಕರ್ತೆ ಹೇಳಿದಾಗ, ಮನೆಯಲ್ಲಿ ನಾನೊಬ್ಬನೇ ಎಂದೆ. ಮಾತಿನಲ್ಲಿ ಆಕೆಯನ್ನೂ ಗೆದ್ದು ಬಂದೆ.

ನನ್ನ ಕೆಮ್ಮು ಹೋಯಿತು. ಆಮೇಲೆ ಅವಳಿಗೆ ಸಂಜೆಸಂಜೆಗೆ ಜ್ವರ.

"ಮನೇಲಿ ಯಾರಿಗಾದ್ರೂ ಟಿ.ಬಿ. ಆಗಿತ್ತಾ?" ಡಾಕ್ಟರು ಕೇಳಿದರು.

ಅವಳು ನನ್ನ ಮುಖ ನೋಡಿದಳು. ಅಲ್ಲಿ ಉತ್ತರ ಕೊಡುತ್ತಿದ್ದುದು ಯಾವಾಗಲೂ ನಾನೇ.

"ಯಾರಿಗೂ ಇಲ್ರಿ, ಸಾಹೇಬ್ರ."

"ನಮ್ಮಣ್ಣನ ಹತ್ರ ಬ್ಯಾನಿ ಸುಳಿಯಂಗಿಲ್ರಿ," ಅವಳು ನಗುತ್ತ ಸೇರಿಸಿದಳು. "ಇವನ ಚೌಕಾಸಿಗೆ ಅಂಜಿ ಓಡತಾವ."

ಡಾಕ್ಟರೂ ನಕ್ಕರು. ಕ್ಷಯದ ಅನುಮಾನ ಹಿಂದೆ ಬಿತ್ತು. ಬೇರೆ ಜ್ವರ ಹುಡುಕುವುದರಲ್ಲಿ ಹೊತ್ತು ಕಳೆಯಿತು, ಕೊನೆಗೆ ಕ್ಷಯವೆಂದು ಗೊತ್ತಾದಾಗ ಅದು ಮೆದುಳಿಗೆ ಏರಿತ್ತು. ಆಸ್ಪತ್ರೆಯಲ್ಲಿ ಅವಳಿಗೆ ನನ್ನ ಗುರುತು ಸಿಗಲಿಲ್ಲ. ಅಥವಾ, ಸಿಕ್ಕಿತ್ತೋ… ನನ್ನ ಬಾಯಿಯನ್ನೇ ದಿಟ್ಟಿಸುತ್ತಿದ್ದಳು. ಈಗಲೂ ಸಂತೆಯಲ್ಲಿ ದರ ಹೇಳಲು ಬಾಯಿ ತೆರೆದರೆ ಆ ಎರಡು ಕಣ್ಣು ಎದುರಿಗೆ ಬರುತ್ತವೆ.

ಮಣ್ಣು ಮಾಡಿ ಬಂದ ದಿನ ನೀನು ಆ ಸೂಜಿಗೆ ಶಾಪ ಹಾಕಿದೆ. ನಾನು ಹೌದೆಂದೆ.

ಈಗ ನಿನ್ನ ಬೆರಳೂ ಮುದುಡುತ್ತಿವೆ. ಮೊನ್ನೆ ನೀನು ಚೊಂಬನ್ನು ಎರಡು ಮುಂಗೈ ನಡುವೆ ಸಿಕ್ಕಿಸಿಕೊಂಡು ನೀರು ಕುಡಿದದ್ದನ್ನು ಕಂಡೆ. ದಾವಣಗೆರೆಯ ಡಾಕ್ಟರು ನಿನಗೂ ಅದೇ ಸೂಜಿ ಹೇಳಿದ್ದಾರೆ. "ಅವ್ವನ್ನ ಕೊಂದಿದ್ದು ನನಗ ಬ್ಯಾಡ, ಮಾವ," ಎನ್ನುತ್ತೀಯ.

ತೆಗೆದುಕೊ ಎಂದು ನಾನು ಹೇಳಲಾರೆ, ಬಿಡು ಎಂದೂ ಹೇಳಲಾರೆ. ಆದರೆ ನನ್ನ ಸುಳ್ಳನ್ನು ನಂಬಿ ಬೇಡವೆನ್ನಬೇಡ. ಮೊದಲು ಕ್ಷಯದ ಪರೀಕ್ಷೆ ಮಾಡಿಸು. ನಾನು ಕೆಮ್ಮುತ್ತಿದ್ದ ಆ ಚಳಿಗಾಲ ರಜೆಗೆ ಬಂದಾಗ ನೀನೂ ನನ್ನ ಪಕ್ಕ ಕೂತು ಉಂಡವಳು. ನಿನ್ನೆ ಡಾಕ್ಟರ ಬಳಿಗೆ ಹೋಗಿ ಎಲ್ಲ ಹೇಳಿ ಬಂದಿದ್ದೇನೆ. ಅವತ್ತೇಕೆ ಹೇಳಲಿಲ್ಲ ಎಂದರು.

ದಾವಣಗೆರೆಗೆ ಹೋಗುವಾಗ ನನ್ನನ್ನು ಕರೆಯಬೇಡ, ರೇಣವ್ವ. ಅವರು ಕೇಳಿದ್ದಕ್ಕೆಲ್ಲ ನೀನೇ ಉತ್ತರ ಹೇಳು.