ಒಪ್ಪಿಗೆ ಕೊಟ್ಟ ಮೇಲೆ

ಅನುಜಾ ಹಂಚಿನಾಳ ಹುಟ್ಟಿ ಬೆಳೆದದ್ದು ಪುಣೆಯ ಗುಲ್‌ಟೇಕಡಿಯಲ್ಲಿ. ಅಪ್ಪ ಈರಬಸಪ್ಪನವರದು ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಅಡತಿ, ಅಂದರೆ ದಲಾಲಿ ಅಂಗಡಿ. ಮನೆಯೊಳಗೆ ವಿಜಯಪುರದ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಹಮಾಲರ ಜಗಳ ಬಿಡಿಸುವಾಗ ಅಪ್ಪ ಎರಡೂ ಕಡೆಯವರ ಮಾತು ಮುಗಿಯುವ ತನಕ ಬಾಯಿ ಬಿಡುತ್ತಿರಲಿಲ್ಲ. ಅದನ್ನು ನೋಡಿ ನೋಡಿಯೇ ಮಗಳು ಕಾನೂನು ಓದಿದಳು ಎಂದು ನೆಂಟರು ಹೇಳುವುದಿತ್ತು. ಮದುವೆಯ ಮಾತು ಎರಡು ಮೂರು ಸಲ ಬಂದು ಹಾಗೇ ಹೋಯಿತು. ಅಪ್ಪ ಅವ್ವ ತೀರಿದ ಮೇಲೆ ಕ್ಯಾಂಪಿನಲ್ಲಿ ಒಂದು ಹಳೆಯ ಕಟ್ಟಡದ ಮೂರನೇ ಮಾಳಿಗೆಗೆ ಬಂದು ಒಬ್ಬಳೇ ಉಳಿದಳು.

ಆದರೂ ಒಂಟಿ ಅನ್ನಿಸುತ್ತಿರಲಿಲ್ಲ. ರೇಣು ಇದ್ದಳಲ್ಲ. ಶಿವಾಜಿನಗರದ ಕೋರ್ಟಿಗೆ ಇಬ್ಬರೂ ಒಂದೇ ವರ್ಷ ಕರಿ ಕೋಟು ಹಾಕಿಕೊಂಡು ಬಂದವರು. ವಕೀಲರ ಕೋಣೆಯಲ್ಲಿ ಒಂದೇ ಮೇಜು, ಒಂದೇ ಊಟದ ಡಬ್ಬಿ. ಮುಂಬೈ ಹೈಕೋರ್ಟಿನ ಪೀಠ ನಾಗಪುರಕ್ಕುಂಟು, ಔರಂಗಾಬಾದಿಗುಂಟು, ಗೋವಾಕ್ಕುಂಟು, ಈಚೆಗೆ ಕೊಲ್ಹಾಪುರಕ್ಕೂ ಬಂದಿದೆ. ಪುಣೆಗೆ ಮಾತ್ರ ಇಲ್ಲ. ಇಲ್ಲಿನ ಮೇಲ್ಮನವಿಗಳೆಲ್ಲ ಘಟ್ಟ ಇಳಿದು ಮುಂಬೈಗೇ ಹೋಗಬೇಕು. ಹಾಗಾಗಿ ವಾರವಾರವೂ ಇಬ್ಬರೂ ಕೂಡಿ ಬೆಳಗಿನ ರೈಲು ಹತ್ತುತ್ತಿದ್ದರು. ಲೋಣಾವಳಾ ಬರುವಷ್ಟರಲ್ಲಿ ಕೇಸಿನ ಮಾತು ಮುಗಿದು ಜನರ ಮಾತು ಶುರುವಾಗುತ್ತಿತ್ತು.

ಅಂಥದ್ದೇ ಒಂದು ದಿನ ಮುಂಬೈಯಲ್ಲಿ ಮುಖ್ಯ ನ್ಯಾಯಮೂರ್ತಿಗಳ ಕಚೇರಿಯಿಂದ ಅನುಜಾಗೆ ಕರೆ ಬಂತು. ಒಳಗೆ ಅವರೊಬ್ಬರೇ ಇದ್ದರು. ಚಹಾ ತರಿಸಿ, ನೇರವಾಗಿ ವಿಷಯಕ್ಕೆ ಬಂದರು.

"ನಿಮ್ಮ ಹೆಸರನ್ನು ನ್ಯಾಯಮೂರ್ತಿ ಸ್ಥಾನಕ್ಕೆ ಕಳಿಸಬೇಕೆಂದು ನಾನೂ ನನ್ನ ಇಬ್ಬರು ಹಿರಿಯ ಸಹೋದ್ಯೋಗಿಗಳೂ ಯೋಚಿಸಿದ್ದೇವೆ. ನಿಮ್ಮ ಒಪ್ಪಿಗೆ ಬೇಕು."

ಅನುಜಾ ಕಪ್ಪನ್ನು ಬಸಿಯ ಮೇಲಿಟ್ಟಳು. "ಒಪ್ಪಿಗೆ ಇದೆ, ಸರ್," ಅಂದಳು.

ತಿರುಗಿ ಬರುವಾಗ ರೈಲಿನಲ್ಲಿ ರೇಣುವಿಗೆ ಹೇಳದೆ ಇರಲಾಗಲಿಲ್ಲ. ರೇಣು ಬಾಯಿಗೆ ಸೆರಗು ಒತ್ತಿಕೊಂಡು ಕೂಗನ್ನು ತಡೆದಳು.

"ಅಯ್ಯ ನಮ್ಮವ್ವ! ಇನ್ನ ಮ್ಯಾಲೆ ನಿನ್ನ ಮುಂದ ಕಾಲ ಮ್ಯಾಲ ಕಾಲ ಹಾಕ್ಕೊಂಡು ಕೂಡೂ ಹಂಗಿಲ್ಲೇನು?"

"ಸುಮ್ಮ ಕೂಡ. ಇನ್ನೂ ಭಾಳ ದೂರ ಅದ ಅದು."

ದೂರವೇ ಇತ್ತು. ಮುಂಬೈಯ ಮೂವರು ಬರೆದರೆ ಮುಗಿಯುವುದಿಲ್ಲ. ರಾಜ್ಯ ಸರ್ಕಾರ, ರಾಜ್ಯಪಾಲರು ತಮ್ಮ ಅಭಿಪ್ರಾಯ ಕೊಡಬೇಕು. ಕೇಂದ್ರದವರು ಗುಪ್ತವಾಗಿ ವಿಚಾರಣೆ ಮಾಡಿಸಬೇಕು. ಆಮೇಲೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳೂ ಅವರ ಕೆಳಗಿನ ಇಬ್ಬರು ಹಿರಿಯರೂ ಒಪ್ಪಬೇಕು. ಕಡೆಗೆ ರಾಷ್ಟ್ರಪತಿಗಳ ಸಹಿ. ಎಲ್ಲೋ ಒಂದು ಕಡೆ ಕಡತ ನಿಂತರೆ, ಯಾಕೆ ನಿಂತಿತೆಂದು ಹೆಸರಿನ ಒಡತಿಗೆ ಯಾರೂ ಹೇಳಬೇಕಾಗಿಲ್ಲ.

ಅನುಜಾ ಸ್ವಭಾವತಃ ಎಚ್ಚರದ ಹೆಣ್ಣು. ನಾಳೆ ತನ್ನೆದುರೇ ಬರಬಹುದಾದ ಕಕ್ಷಿದಾರರ ಕೇಸು ಈಗ ಹಿಡಿಯುವುದು ಬೇಡ ಎಂದುಕೊಂಡಳು. ಹೊಸ ವಕಾಲತ್ತು ನಿಲ್ಲಿಸಿದಳು. ಬಾರ್ ಚುನಾವಣೆಯ ಊಟಗಳಿಗೆ ಹೋಗಲಿಲ್ಲ. ಕನ್ನಡ ಸಂಘದವರು ದಸರೆಗೆ ಅತಿಥಿಯಾಗಿ ಕರೆದರೆ, ವೇದಿಕೆಯ ಮೇಲೆ ಒಬ್ಬ ಶಾಸಕರು ಇರುತ್ತಾರೆಂದು ತಿಳಿದು, ಬರಲಾಗದೆಂದು ಕೈ ಮುಗಿದಳು. ಸುದ್ದಿ ಅಷ್ಟರಲ್ಲಿ ಹೇಗೋ ಹರಡಿತ್ತು. ಆಕೆ ವಕೀಲರ ಕೋಣೆಗೆ ಕಾಲಿಟ್ಟರೆ ನಗುತ್ತಿದ್ದವರು ನಗು ನುಂಗುತ್ತಿದ್ದರು. ನ್ಯಾಯಾಧೀಶರ ಬಗ್ಗೆ ಹರಟುತ್ತಿದ್ದವರು ಹವೆಯ ಬಗ್ಗೆ ಮಾತಾಡುತ್ತಿದ್ದರು. ಕಿರಿಯರು ಎದ್ದು ನಿಂತು ಕುರ್ಚಿ ಬಿಟ್ಟುಕೊಡುತ್ತಿದ್ದರು, ಬಿಟ್ಟುಕೊಟ್ಟು ಅಲ್ಲಿಂದ ಹೊರಟೇ ಹೋಗುತ್ತಿದ್ದರು.

ರೇಣುವಿನ ಮಗಳು ಸಪ್ನಾಳ ನಿಶ್ಚಯ ಗೊತ್ತಾದದ್ದು ಆಗಲೇ. ಬೀಗರಾಗುವವರು ಬಾರಾಮತಿ ಕಡೆಯ ದೊಡ್ಡ ಮನೆತನ. ಅವರದೊಂದು ಜಮೀನಿನ ವ್ಯಾಜ್ಯ ಹೈಕೋರ್ಟಿನಲ್ಲೇ ನಡೆದಿತ್ತು. ರೇಣು ಕರೆದಾಗ ಅನುಜಾ ಒಲ್ಲೆನೆಂದಳು.

"ಫೋಟೋದಾಗ ಅವರ ಜೋಡಿ ನಿಂತದ್ದು ಬಂದ್ರ ಚೊಲೋ ಕಾಣಂಗಿಲ್ಲ ರೇಣು. ಆಮ್ಯಾಲೆ ಒಂದಿನ ಮನಿಗೆ ಬಂದು ಹುಡುಗೀಗೆ ಹರಸ್ತೀನಿ."

ಡಬ್ಬಿ ಬಿಚ್ಚುತ್ತಿದ್ದ ರೇಣು ತಲೆ ಎತ್ತಿದಳು. "ಆಕಿನ್ನ ಎತ್ತಿ ಆಡಿಸಿದಾಕಿ ನೀನು. ಮತ್ತ ನೀ ಇನ್ನೂ ಜಡ್ಜ್ ಆಗಿಲ್ಲ ಅನುಜಾ."

"ಅದಕ್ಕ ಅಲ್ಲ..."

"ಇರ್ಲಿ ಬಿಡು," ಅಂದು ರೇಣು ಡಬ್ಬಿಯ ಮುಚ್ಚಳ ಹಾಕಿದಳು. ಮುಂದಿನ ವಾರದಿಂದ ಆಕೆ ಬೇರೆ ರೈಲು ಹಿಡಿದಳು.

ಮಳೆಗಾಲದ ಒಂದು ಸಂಜೆ ಬಾಗಿಲು ಬಡಿದ ಸದ್ದಾಯಿತು. ಮಧ್ಯವಯಸ್ಸಿನ ಒಬ್ಬ ಗೃಹಸ್ಥ, ಕೊಡೆಯಿಂದ ನೀರು ಸೋರುತ್ತಿತ್ತು. ಗುರುತಿನ ಚೀಟಿ ತೋರಿಸಿ ಮರಾಠಿಯಲ್ಲಿ, ವಿಚಾರಣೆಗೆ ಬಂದಿದ್ದೇನೆ ಎಂದ. ಗೋಡೆಯ ಮೇಲಿನ ಬಸವಣ್ಣನ ಪಟ ನೋಡಿ ಭಾಷೆ ಬದಲಿಸಿದ.

"ನೀವು ಆ ಕಡೆಯವರೇನ್ರಿ? ನಮ್ಮ ತಾಯಿ ತವರುಮನಿ ಜತ್ತ."

ಅನುಜಾಳ ಮುಖ ಅರಳಿತು. ಚಹಾಕ್ಕಿಟ್ಟಳು, ಅವಲಕ್ಕಿ ಚೂಡಾ ತೆಗೆದಿಟ್ಟಳು. ಆತ ಯಾವ ಪಕ್ಷದ ನಂಟು ಇದೆ, ಸಂಬಂಧಿಕರು ಯಾರು ವಕೀಲರಿದ್ದಾರೆ ಎಂದೆಲ್ಲ ಕೇಳಿದ. ಆಕೆ ಉತ್ತರ ಕೊಟ್ಟಳು. ಉತ್ತರ ಅಪ್ಪನ ಅಡತಿಗೆ ಹೋಯಿತು, ಬೆಲ್ಲದ ಪೆಂಟೆಗಳ ವಾಸನೆಗೆ ಹೋಯಿತು, ಅವ್ವ ಕಡೆಯ ದಿನಗಳಲ್ಲಿ ಮರಾಠಿ ಪೂರ್ತಿ ಮರೆತು ನರ್ಸುಗಳಿಗೆ ಕನ್ನಡದಲ್ಲೇ ಬೈದದ್ದಕ್ಕೆ ಹೋಯಿತು. ಆತ ಬರೆಯುವುದನ್ನು ಯಾವಾಗಲೋ ನಿಲ್ಲಿಸಿದ್ದ.

"ಮನಿಗೆ ಯಾರ್ಯಾರು ಬಂದು ಹೋಗಿ ಮಾಡ್ತಾರ್ರಿ?" ಕಡೆಯ ಪ್ರಶ್ನೆ ಎನ್ನುವಂತೆ ಕೇಳಿದ.

ಅನುಜಾ ಯೋಚಿಸಿದಳು. ಹಾಲಿನವ, ಕೆಲಸದಾಕೆ. "ಈಗ ಯಾರೂ ಇಲ್ರಿ," ಅಂದಳು.

ಆತ ತಲೆ ತಗ್ಗಿಸಿ ಕೊಡೆ ಎತ್ತಿಕೊಂಡ. "ನಮಗ ಅದು ಒಳ್ಳೇ ರಿಪೋರ್ಟ್ ಬಾಯಿಯವರ," ಎಂದು ಸಂಕೋಚದಿಂದ ನಕ್ಕು ಮೆಟ್ಟಿಲಿಳಿದ. ಅನುಜಾ ಬಾಲ್ಕನಿಗೆ ಬಂದು ಆ ಕೊಡೆ ಗಲ್ಲಿಯ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಳು. ಇನ್ನೊಮ್ಮೆ ಏನಾದರೂ ಕೇಳಲು ಬರಲಿ ಎಂದು ಮನಸ್ಸು ಬಯಸಿತು. ಬಯಸಿದ್ದು ತಿಳಿದು ಆಕೆಗೆ ನಾಚಿಕೆಯಾಯಿತು.

ಆತ ಮತ್ತೆ ಬರಲಿಲ್ಲ. ಚಳಿಗಾಲ ಹೋಯಿತು, ಬೇಸಿಗೆ ಹೋಯಿತು. ಒಂದು ಬೆಳಿಗ್ಗೆ ಪತ್ರಿಕೆಯಲ್ಲಿ ಹೊಸ ನ್ಯಾಯಮೂರ್ತಿಗಳ ಹೆಸರು ಬಂದವು. ತನ್ನ ಜೊತೆಗೇ ಹೋದ ಹೆಸರುಗಳೆಲ್ಲ ಅಲ್ಲಿದ್ದವು, ತನ್ನದಿರಲಿಲ್ಲ. ತಿರಸ್ಕರಿಸಿದರೆಂದೂ ಎಲ್ಲೂ ಇರಲಿಲ್ಲ. ವಿಚಾರಿಸಿದರೆ, "ಇನ್ನೂ ನಡೆದಿದೆ, ತಡೀರಿ," ಎಂದರು. ತಡೆದಳು. ಮತ್ತೊಂದು ದಸರೆ ಬಂತು. ಈ ಸಲ ಸಂಘದವರು ಕರೆಯಲೇ ಇಲ್ಲ.

ಆಕೆಯ ಕಾರ್ಕೂನ ಭುಜಂಗ ಹಬ್ಬದ ಮರುದಿನ ಹಿಂದೆ ಮುಂದೆ ನೋಡುತ್ತ ಬಂದು ನಿಂತ. "ಅಕ್ಕಾರ, ನಿಮ್ಮ ಕಡೆ ಕೆಲಸ ಉಳಿದಿಲ್ಲ. ನಾ ಬ್ಯಾರೆ ವಕೀಲರ ಕಡೆ ನೋಡ್ಲೇನ್ರಿ?"

"ನೋಡಪ್ಪ," ಅಂದಳು. ಆತ ಹೋದ ಮೇಲೆ ಖಾಲಿ ಮೇಜಿನ ಮುಂದೆ ಬಹಳ ಹೊತ್ತು ಕೂತಳು. ನ್ಯಾಯಮೂರ್ತಿಯಾಗಿ ಕಳೆಯಬೇಕಾದ ಏಕಾಂತವನ್ನು ನ್ಯಾಯಮೂರ್ತಿಯಾಗದೆಯೇ ಕಳೆಯುತ್ತಿದ್ದೇನೆ ಅನ್ನಿಸಿತು. ಅಲ್ಲಿಯಾದರೆ ಕೆಲಸವಾದರೂ ಇರುತ್ತಿತ್ತು. ಅಂದೇ ಮುಂಬೈಗೆ ನಾಲ್ಕು ಸಾಲು ಬರೆದು ತನ್ನ ಒಪ್ಪಿಗೆ ಹಿಂದಕ್ಕೆ ಪಡೆದಳು. ಯಾರ ಮೇಲೂ ದೂರು ಬರೆಯಲಿಲ್ಲ.

ಮರುದಿನ ವಕೀಲರ ಕೋಣೆಗೆ ಹೋಗಿ ರೇಣುವಿನ ಎದುರು ಕೂತಳು. ರೇಣು ಈಗ ಇನ್ನಿಬ್ಬರ ಜೊತೆ ಸೇರಿ ಕಚೇರಿ ಮಾಡಿದ್ದಳು. ಒಪ್ಪಿಗೆ ಹಿಂದಕ್ಕೆ ಪಡೆದ ಮಾತು ಕೇಳಿ ಆಕೆಯ ಕಣ್ಣು ತುಂಬಿತು.

"ಹಿಂಗ್ಯಾಕ ಮಾಡಿದ್ರಿ? ಇಷ್ಟು ತಡದವರು ಇನ್ನೊಂದೀಟು ತಡೀಬೇಕಾಗಿತ್ತು."

ಆ 'ರಿ' ಅನುಜಾಳ ಎದೆಗೆ ತಾಗಿತು. ಇಷ್ಟು ವರ್ಷದಲ್ಲಿ ರೇಣು ತನ್ನನ್ನು ಬಹುವಚನದಲ್ಲಿ ಕರೆದವಳಲ್ಲ. ಸಿಟ್ಟಿನಿಂದ ಅಂದದ್ದೂ ಅಲ್ಲ. ಅಭ್ಯಾಸ ತಪ್ಪಿಹೋಗಿತ್ತು, ಅಷ್ಟೇ. ಸಪ್ನಾ ಹೇಗಿದ್ದಾಳೆಂದು ಕೇಳಿದಳು. ಬಾಣಂತನಕ್ಕೆ ಬಂದಿದ್ದಾಳೆ ಎಂದಳು ರೇಣು. ಚಹಾ ಕುಡಿದು ಇಬ್ಬರೂ ತಂತಮ್ಮ ಕೋರ್ಟಿಗೆ ಎದ್ದರು.

ಕೇಸುಗಳು ಒಂದೊಂದಾಗಿ ಬಂದವು. ಮೊದಲು ಬಂದಾಕೆ ಯಮನವ್ವ, ಯಾರ್ಡಿನಲ್ಲಿ ಉಳ್ಳಾಗಡ್ಡಿ ಆರಿಸುವ ಮುದುಕಿ. ಬಾಡಿಗೆ ಮನೆ ಖಾಲಿ ಮಾಡಬೇಕೆಂದು ಕೆಳಗಿನ ಕೋರ್ಟುಗಳಲ್ಲಿ ಆದೇಶವಾಗಿತ್ತು. ಅನುಜಾ ಅದನ್ನು ಹೈಕೋರ್ಟಿಗೆ ಒಯ್ದಳು. ಪೀಠದಲ್ಲಿ ಕೂತಿದ್ದವರು, ಅಂದು ತನ್ನ ಜೊತೆ ಹೆಸರು ಹೋದವರಲ್ಲಿ ಒಬ್ಬರು. ಕ್ಷಣ ಹೊತ್ತು ಇಬ್ಬರ ದೃಷ್ಟಿಯೂ ಕೂಡಿತು. ಅವರು ಕಣ್ಣು ಕಾಗದಕ್ಕಿಳಿಸಿ, "ಹೇಳಿ," ಅಂದರು.

"ಮೈ ಲಾರ್ಡ್," ಎಂದು ಅನುಜಾ ಶುರು ಮಾಡಿದಳು. ನಾಲಿಗೆ ಎಲ್ಲೂ ತಡವರಿಸಲಿಲ್ಲ. ಮೇಲ್ಮನವಿಯ ವಾದ ಪೂರ್ತಿ ಕೇಳುವವರೆಗೆ ಮುದುಕಿಯನ್ನು ಮನೆ ಬಿಡಿಸಕೂಡದೆಂದು ತಡೆಯಾಜ್ಞೆ ಸಿಕ್ಕಿತು.

ಹೊರಗೆ ಬಂದು, ಹೇಳಿಕೊಳ್ಳಲು ಯಾರಿದ್ದಾರೆಂದು ನೋಡಿದಳು. ಎಲ್ಲರೂ ಅವಸರದಲ್ಲಿದ್ದರು. ಸ್ಟೇಷನ್ನಿನ ಗದ್ದಲದಲ್ಲಿ ನಿಂತು ಯಮನವ್ವನಿಗೇ ಫೋನು ಹಚ್ಚಿದಳು.

"ಸ್ಟೇ ಸಿಕ್ತಬೇ ಯವ್ವಾ. ಈಗ ಯಾರೂ ನಿನ್ನ ಮನಿ ಬಿಡಿಸಂಗಿಲ್ಲ."

ಆ ಕಡೆ ಮುದುಕಿ ಯಾರಿಗೋ ಕೂಗಿ ಹೇಳಿದ್ದು ಕೇಳಿಸಿತು. ಮತ್ತೆ ಫೋನಿಗೆ ಬಂದು, "ಭಾಳ ಪುಣ್ಯ ಬರ್ತದ ನಿಮಗ," ಎಂದಳು. ಆಮೇಲೆ ಕೇಳಿದಳು: "ಅಕ್ಕಾರ, ಮುಂಜಾನಿಂದ ಏನರ ಉಂಡೀರಿಲ್ಲೋ?"

"ಇಲ್ಲಬೇ," ಅಂದಳು ಅನುಜಾ. ರೈಲಿನ ಸದ್ದಿಗೆ ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ಈಗ ಉಣ್ತೀನಿ."